ಸರ್ಕಾರ ದುಡ್ಡು ಸುರಿದರೆ ಓದಿದವರಿಗೆಲ್ಲ ಕೆಲಸ ಸಿಗುತ್ತದೆಯೇ?

ಅರ್ಥಶಾಸ್ತ್ರದ ಬಗ್ಗೆ ನಾಲ್ಕಕ್ಷರ ಬರೆಯುವವರು ಸಿಕ್ಕರೆ ಜನ ಕೇಳುವ ಪ್ರಶ್ನೆ ಹೆಚ್ಚಾಗಿ ಇದೇ: "ಬಜೆಟ್ಟಿನಲ್ಲಿ ಸರ್ಕಾರ ಇಷ್ಟೊಂದು ಖರ್ಚು ಮಾಡುತ್ತದಲ್ಲ, ಆದರೂ ಡಿಗ್ರಿ ಮುಗಿಸಿದವರು ಯಾಕೆ ಖಾಲಿ ಕೂತಿದ್ದಾರೆ?" ಕೇಳುವವರ ಮನಸ್ಸಿನಲ್ಲಿ ಉತ್ತರ ಮೊದಲೇ ಇರುತ್ತದೆ. ಕೆಲವರ ಪ್ರಕಾರ ಖರ್ಚು ಸಾಲದು. ಇನ್ನು ಕೆಲವರ ಪ್ರಕಾರ ಖರ್ಚೇ ದಂಡ. ಹುಡುಗರಿಗೆ ಕೆಲಸ ಮಾಡಲು ಬರುವುದಿಲ್ಲ, ಕಾಲೇಜುಗಳೇ ಸರಿಯಿಲ್ಲ ಎನ್ನುತ್ತಾರೆ ಅವರು.

ನನ್ನ ಉತ್ತರ ಇಬ್ಬರಿಗೂ ಅಷ್ಟಾಗಿ ಹಿಡಿಸುವುದಿಲ್ಲ. ಆರ್ಥಿಕ ಹಿಂಜರಿತದ ಕಾಲದಲ್ಲಿ "ಕೌಶಲ ಇಲ್ಲ" ಎಂದು ನಾವು ದೂರುವುದರಲ್ಲಿ ದೊಡ್ಡ ಪಾಲು ನಿಜಕ್ಕೂ ಬೇಡಿಕೆಯ ಕೊರತೆ. ಅದನ್ನು ಖರ್ಚು ಮಾಡಿ ಸರಿಪಡಿಸಬಹುದು. ಅದಾದ ಮೇಲೂ ಉಳಿಯುವ ನಿರುದ್ಯೋಗ ಇದೆಯಲ್ಲ, ಅಲ್ಲಿ ಓದಿಗೂ ಕೆಲಸಕ್ಕೂ ತಾಳೆ ತಪ್ಪಿರುತ್ತದೆ. ಹಾಗೆ ತಪ್ಪುವುದರಲ್ಲಿ ಸರ್ಕಾರದ ಕೈವಾಡ ನಾವಂದುಕೊಂಡಿದ್ದಕ್ಕಿಂತ ಜಾಸ್ತಿ.

ಮೊದಲು ಬೇಡಿಕೆಯ ಮಾತು. 2008ರ ಬಿಕ್ಕಟ್ಟಿನ ನಂತರ ಅಮೆರಿಕದಲ್ಲಿ ನಿರುದ್ಯೋಗ ಏರುತ್ತಾ ಹೋಗಿ 2009ರ ಅಕ್ಟೋಬರಿನಲ್ಲಿ ಶೇ. 10 ಮುಟ್ಟಿತು. ಆಮೇಲಿನ ವರ್ಷಗಳಲ್ಲಿ ಅಲ್ಲಿ ಕೌಶಲದ ಕೊರತೆಯದೇ ಮಾತು. ಕೆಲಸ ಇದೆ, ಮಾಡಬಲ್ಲವರು ಇಲ್ಲ ಎಂದು ಉದ್ಯಮಿಗಳು ದೂರುತ್ತಿದ್ದರು. ಅದು ಪೂರ್ತಿ ನಿಜವಾಗಿದ್ದರೆ ನಿರುದ್ಯೋಗ ಎಲ್ಲೋ ಒಂದು ಕಡೆ ಸಿಕ್ಕಿಕೊಂಡು ನಿಲ್ಲಬೇಕಿತ್ತು. ನಿಲ್ಲಲಿಲ್ಲ. 2019ರ ಕೊನೆಗೆ ಶೇ. 3.5ಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಒಂದು ದೇಶದ ಶಿಕ್ಷಣ ಅಷ್ಟೊಂದು ಬದಲಾಗುವುದಿಲ್ಲ. ಹೆಚ್ಚುಕಡಿಮೆ ಅದೇ ಜನ, ಅದೇ ಓದು. ಕೊಳ್ಳುವವರು ಹೆಚ್ಚಾದರು, ಆರ್ಡರುಗಳು ಬಂದವು, ನೇಮಕಾತಿ ಶುರುವಾಯಿತು. ಎಲ್ಲವೂ ಬಜೆಟ್ಟಿನ ಪವಾಡ ಅಂತ ನಾನು ಹೇಳುತ್ತಿಲ್ಲ. ಕೇಂದ್ರ ಬ್ಯಾಂಕು ಬಡ್ಡಿದರವನ್ನು ಸೊನ್ನೆಯ ಹತ್ತಿರ ವರ್ಷಗಟ್ಟಲೆ ಹಿಡಿದಿಟ್ಟಿತ್ತು, ಅದರ ಪಾಲೂ ದೊಡ್ಡದು.

ಇದರಲ್ಲೊಂದು ಸ್ವಾರಸ್ಯವಿದೆ. ಆ ಕೆಟ್ಟ ವರ್ಷಗಳಲ್ಲಿ ಉದ್ಯೋಗದ ಜಾಹೀರಾತುಗಳಲ್ಲಿ ಕೇಳುವ ಅರ್ಹತೆಯೇ ಮೇಲೇರಿತ್ತು. ಡಿಗ್ರಿ ಇಲ್ಲದೆ ನಡೆಯುತ್ತಿದ್ದ ಕೆಲಸಕ್ಕೆ ಡಿಗ್ರಿ ಕೇಳತೊಡಗಿದರು. ಒಂದು ಹುದ್ದೆಗೆ ರಾಶಿ ಅರ್ಜಿ ಬಂದಾಗ ಜರಡಿ ಹಿಡಿಯಲು ಏನಾದರೂ ಬೇಕಲ್ವಾ? ಮುಂದೆ ಜನ ಸಿಗುವುದು ಕಷ್ಟವಾದಾಗ ಆ ಅರ್ಹತೆಗಳು ಮತ್ತೆ ಕೆಳಗಿಳಿದವು. ಜಾಹೀರಾತುಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೂಡಿಸಿ ನೋಡಿದ ಅರ್ಥಶಾಸ್ತ್ರಜ್ಞರು ಇದನ್ನು ತೋರಿಸಿದ್ದಾರೆ. ಅಂದರೆ ಕೌಶಲದ ಕೊರತೆಯ ಒಂದಿಷ್ಟು ಭಾಗ ನೇಮಕ ಮಾಡುವವರ ಸ್ವಂತ ಸೃಷ್ಟಿ.

ಖರ್ಚು ಕೆಲಸವಾಗಿ ಬದಲಾಗುವ ದಾರಿ ಸರಳ. ಸರ್ಕಾರ ಸೇತುವೆಗೆ ಕೊಟ್ಟ ದುಡ್ಡು ಯಾರದೋ ಕೂಲಿಯಾಗುತ್ತದೆ, ಆ ಕೂಲಿ ಇನ್ನೊಬ್ಬರ ವ್ಯಾಪಾರವಾಗುತ್ತದೆ. ಒಂದು ರೂಪಾಯಿ ಖರ್ಚಿಗೆ ಒಟ್ಟು ಆದಾಯ ಎಷ್ಟು ಏರಿತು ಎಂಬ ಲೆಕ್ಕಕ್ಕೆ ಗುಣಕ ಎನ್ನುತ್ತಾರೆ. ಇದು ಎಲ್ಲ ಕಾಲಕ್ಕೂ ಒಂದೇ ಇರುವುದಿಲ್ಲ. ಕಾರ್ಖಾನೆಗಳು ಅರ್ಧ ಖಾಲಿ ಇದ್ದು, ಜನ ಕೆಲಸವಿಲ್ಲದೆ ಕೂತಿದ್ದಾಗ ದೊಡ್ಡದು. ಎಲ್ಲರೂ ಆಗಲೇ ದುಡಿಯುತ್ತಿದ್ದಾಗ ಚಿಕ್ಕದು. ಆಗ ಬೆಲೆ ಏರುತ್ತದೆಯೇ ಹೊರತು ಕೆಲಸ ಹುಟ್ಟುವುದಿಲ್ಲ. ದುಡ್ಡೆಲ್ಲ ಆಮದಿಗೆ ಹರಿದುಹೋದರೂ ಚಿಕ್ಕದೇ.

ಇದನ್ನು ತಪ್ಪಾಗಿ ಅಂದಾಜಿಸಿದರೆ ಏನಾಗುತ್ತದೆ ಎಂದು 2010ರ ನಂತರದ ಯುರೋಪು ತೋರಿಸಿತು. ಸಾಲದ ಹೊರೆ ಇಳಿಸಲು ಗ್ರೀಸ್, ಸ್ಪೇನ್‌ನಂಥ ದೇಶಗಳು ಖರ್ಚು ಕಡಿದವು, ತೆರಿಗೆ ಏರಿಸಿದವು. ಗುಣಕ ಸುಮಾರು 0.5 ಇರಬಹುದೆಂದು ಮುನ್ನಂದಾಜು ಮಾಡುವವರು ಎಣಿಸಿದ್ದರು. ನಿಜದಲ್ಲಿ ಅದು 0.9ರಿಂದ 1.7ರವರೆಗೆ ಇದ್ದಿರಬೇಕು ಎಂದು 2012ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯೇ ಹೇಳಿತು. ಅಂದರೆ ಖರ್ಚು ಕಡಿದಾಗ ಜನರ ಆದಾಯ ಎಣಿಸಿದ್ದಕ್ಕಿಂತ ಹೆಚ್ಚು ಕುಸಿಯಿತು. ನಿಧಿಯ ಮುಖ್ಯ ಅರ್ಥಶಾಸ್ತ್ರಜ್ಞರಾಗಿದ್ದ ಒಲಿವಿಯೆ ಬ್ಲಾಂಶಾರ್ ತಮ್ಮ ಸಹೋದ್ಯೋಗಿ ಡೇನಿಯಲ್ ಲೀ ಜೊತೆ 2013ರಲ್ಲಿ ಈ ಲೆಕ್ಕವನ್ನು ಬಿಡಿಸಿ ಬರೆದರು. ಅಷ್ಟು ಹೊತ್ತಿಗೆ ಗ್ರೀಸ್, ಸ್ಪೇನ್ ಎರಡರಲ್ಲೂ ದುಡಿಯಲು ಸಿದ್ಧರಿದ್ದ 25ರೊಳಗಿನವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಕೆಲಸವಿರಲಿಲ್ಲ. ಅವರಲ್ಲಿ ಚೆನ್ನಾಗಿ ಓದಿದವರೂ ಇದ್ದರು.

"ಸ್ವಲ್ಪ ಕಾಯಲಿ, ಮುಂದೆ ಸಿಗುತ್ತದೆ" ಎನ್ನುವವರಿಗೆ ಕೆನಡಾದ ಪದವೀಧರರ ಮೇಲೆ ನಡೆದ ಅಧ್ಯಯನದ ವಿಷಯ ಹೇಳಬೇಕು. ಹಿಂಜರಿತದ ವರ್ಷದಲ್ಲಿ ಕಾಲೇಜು ಮುಗಿಸಿದವರು ಶುರುವಿನಲ್ಲೇ ಶೇ. 9ರಷ್ಟು ಕಡಿಮೆ ಗಳಿಸಿದರು. ಆ ಅಂತರ ಮುಚ್ಚಲು ಹತ್ತಿರಹತ್ತಿರ ಹತ್ತು ವರ್ಷ ಹಿಡಿಯಿತು. ಸಿಕ್ಕ ಸಣ್ಣ ಕೆಲಸಕ್ಕೆ ಸೇರುತ್ತಾರೆ, ಓದಿದ್ದಕ್ಕೆ ಸಂಬಂಧವಿಲ್ಲದ ಕಡೆ ಸೇರುತ್ತಾರೆ, ಅಲ್ಲಿಂದ ಮೇಲೆ ಬರುವಷ್ಟರಲ್ಲಿ ವಯಸ್ಸು ಮೂವತ್ತು ದಾಟಿರುತ್ತದೆ. ಬೇಡಿಕೆಯ ಕೊರತೆಯನ್ನು ಹಾಗೇ ಬಿಟ್ಟರೆ ಅದೇ ಮುಂದೆ ತಾಳೆ ತಪ್ಪುವುದಕ್ಕೂ ಕಾರಣವಾಗುತ್ತದೆ. ತಡವಾಗಿ ಖರ್ಚು ಮಾಡುವುದೂ ಹಾಗಾಗಿ ದುಬಾರಿಯೇ.

ಇಲ್ಲಿಯವರೆಗೆ ಮೊದಲ ಗುಂಪಿನವರು ತಲೆ ಆಡಿಸುತ್ತಿರುತ್ತಾರೆ. ಇನ್ನು ಅವರಿಗೆ ಹಿಡಿಸದ ಮಾತಿನ ಸರದಿ.

ಬರೀ ಮೊತ್ತ ನೋಡಿದರೆ ಸಾಲದು. ಆ ದುಡ್ಡು ಏನನ್ನು ಕೊಳ್ಳುತ್ತದೆ ಎಂಬುದೂ ಮುಖ್ಯ. 2009ರಲ್ಲಿ ಅಮೆರಿಕ 787 ಶತಕೋಟಿ ಡಾಲರಿನ ಉತ್ತೇಜನ ಪ್ಯಾಕೇಜ್ ತಂದಿತು. ನಾಳೆಯೇ ಗುದ್ದಲಿ ಹಿಡಿಯಬಹುದಾದ ಕಾಮಗಾರಿಗಳು ಸಾಲಾಗಿ ಕಾಯುತ್ತಿವೆ ಎಂದು ಪ್ರಚಾರವಾಗಿತ್ತು. ಅಂಥ ಕಾಮಗಾರಿ ಎಂಬುದೇ ಇಲ್ಲ ಎಂದು ಮರುವರ್ಷ ಒಬಾಮಾ ಅವರೇ ಒಪ್ಪಿಕೊಂಡರು. ರಸ್ತೆ ಕೆಲಸ ಶುರುವಾದರೂ ಅದು ಬೇಡುವುದು ಯಂತ್ರ ನಡೆಸುವವರನ್ನು, ಸರ್ವೇ ಮಾಡುವವರನ್ನು, ಗಾರೆಯವರನ್ನು. ವಾಣಿಜ್ಯ ಪದವೀಧರರಿಗೆ ಅದರ ಫಲ ಸುತ್ತಿ ಬಳಸಿ, ತಡವಾಗಿ ತಲುಪುತ್ತದೆ.

ಸ್ಪೇನ್‌ನಲ್ಲಿ ಇದೇ ಉಲ್ಟಾ ನಡೆದಿತ್ತು. 2008ಕ್ಕೆ ಮೊದಲು ಅಲ್ಲಿ ಮನೆ ಕಟ್ಟುವ ಭರಾಟೆ. ಕಟ್ಟಡದ ಕೆಲಸದಲ್ಲಿ ಒಳ್ಳೆಯ ಕೂಲಿ. ಎಷ್ಟೋ ಹುಡುಗರು ಶಾಲೆ ಬಿಟ್ಟು ಅಲ್ಲಿಗೆ ಹೋದರು. ಬೇಗ ಓದು ಬಿಡುವವರ ಪ್ರಮಾಣ ಶೇ. 30ರ ಆಸುಪಾಸಿನಲ್ಲಿತ್ತು. ಭರಾಟೆ ನಿಂತಿತು, ಕೆಲಸ ಹೋಯಿತು, ಓದೂ ಇಲ್ಲ. ಹುಡುಗರನ್ನು ದಡ್ಡರು ಅಂತ ಬೈಯುವುದು ಸುಲಭ. ಕಣ್ಣೆದುರಿಗಿದ್ದ ಕೂಲಿ ನೋಡಿ ಲೆಕ್ಕ ಹಾಕಿದ್ದರು, ಅಷ್ಟೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಉದಾಹರಣೆ ಈಜಿಪ್ಟ್. 1960ರ ದಶಕದಲ್ಲಿ ಅಲ್ಲಿನ ಅಧ್ಯಕ್ಷ ನಾಸೆರ್ ಅವರ ಸರ್ಕಾರ ಪದವೀಧರರಿಗೆಲ್ಲ ಸರ್ಕಾರಿ ಕೆಲಸದ ಭರವಸೆ ಕೊಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಮನೆಮನೆಯಲ್ಲೂ ಅದರಿಂದ ಹುಟ್ಟಿದ ಲೆಕ್ಕ ಏನು? ಯಾವ ಡಿಗ್ರಿಯಾದರೂ ಸರಿ, ಡಿಗ್ರಿ ಬೇಕು. ಏನು ಕಲಿತೆ ಎಂದು ಯಾರೂ ಕೇಳುವುದಿಲ್ಲ. ಕಾಲೇಜು ಸೇರುವವರು ಹೆಚ್ಚಿದರು, ಸರ್ಕಾರದ ಸಂಬಳದ ಪಟ್ಟಿ ಬೆಳೆಯಿತು. ಬೊಕ್ಕಸಕ್ಕೆ ತಾಳಿಕೊಳ್ಳಲು ಆಗದೆ ನೇಮಕಾತಿ ತಡವಾಗುತ್ತಾ ಬಂತು. ಪದವೀಧರರು ವರ್ಷಗಟ್ಟಲೆ ಸರದಿಗಾಗಿ ಕಾದರು. ಕೊನೆಗೆ ಭರವಸೆ ಕಾಗದದ ಮೇಲೆ ಮಾತ್ರ ಉಳಿಯಿತು. ಓದದವರಿಗಿಂತ ಓದಿದವರಲ್ಲೇ ನಿರುದ್ಯೋಗ ಹೆಚ್ಚು ಎಂಬ ವಿಚಿತ್ರ ಚಿತ್ರ ಅಲ್ಲಿ ಗಟ್ಟಿಯಾಯಿತು.

ಇದು ಕೇವಲ ಈಜಿಪ್ಟಿನ ಕಥೆಯಲ್ಲ. ಎಲ್ಲೆಲ್ಲಿ ಸರ್ಕಾರಿ ಹುದ್ದೆಯ ಸಂಬಳ, ಭದ್ರತೆ, ಪಿಂಚಣಿ ಹೊರಗಿನ ಕೆಲಸಕ್ಕಿಂತ ತುಂಬಾ ಮೇಲಿರುತ್ತದೋ ಅಲ್ಲೆಲ್ಲ ಇದೇ. ಹೊರಗೆ ಸಿಗುವ ಸಾಧಾರಣ ಕೆಲಸ ಬಿಟ್ಟು ನಾಲ್ಕೈದು ವರ್ಷ ಪರೀಕ್ಷೆ ಬರೆಯುತ್ತಾ ಕೂರುವುದು ಒಬ್ಬೊಬ್ಬರಿಗೂ ಬುದ್ಧಿವಂತಿಕೆಯ ಆಯ್ಕೆಯೇ. ಸರ್ಕಾರ ಬೇಡವೆಂದರೂ ಅದರ ವೇತನ ಶ್ರೇಣಿ ಒಂದು ಶಿಕ್ಷಣ ನೀತಿಯಾಗಿಬಿಡುತ್ತದೆ. ಪಠ್ಯಕ್ರಮ ಬದಲಿಸುವ ಸಮಿತಿಗಳಿಗಿಂತ ಆ ಶ್ರೇಣಿಯ ಪ್ರಭಾವ ದೊಡ್ಡದು ಎಂದೇ ನನ್ನ ಅನಿಸಿಕೆ. ಡಿಗ್ರಿಯನ್ನು ಕಲಿಕೆಗಿಂತ ಹೆಚ್ಚಾಗಿ, ನೇಮಕ ಮಾಡುವವರಿಗೆ ಸಾಮರ್ಥ್ಯ ತೋರಿಸುವ ಒಂದು ಸಂಕೇತವಾಗಿ ನೋಡಬಹುದು ಎಂದು ಅರ್ಥಶಾಸ್ತ್ರಜ್ಞ ಮೈಕಲ್ ಸ್ಪೆನ್ಸ್ 1973ರಲ್ಲೇ ವಾದಿಸಿದ್ದರು, 2001ರಲ್ಲಿ ಅವರಿಗೆ ನೊಬೆಲ್ ಬಂತು. ಎಲ್ಲರ ಕೈಯಲ್ಲೂ ಒಂದೇ ಸಂಕೇತ ಇದ್ದಾಗ ಇನ್ನೊಂದು ಡಿಗ್ರಿಗೆ ಹೋಗಬೇಕಾಗುತ್ತದೆ.

ಹಾಗಂತ ಸರ್ಕಾರ "ಇಷ್ಟು ಎಂಜಿನಿಯರುಗಳು, ಇಷ್ಟು ನರ್ಸುಗಳು ಬೇಕು" ಎಂದು ಎಣಿಸಿ ಸೀಟು ತೆರೆದರೆ ಆಯಿತೇ? ಎಣಿಕೆ ಉಳಿಯುವುದಿಲ್ಲ. ಇವತ್ತು ಎಂಜಿನಿಯರುಗಳಿಗೆ ಸಂಬಳ ಏರಿದರೆ ಇವತ್ತೇ ನೂರಾರು ಮಂದಿ ಆ ಕೋರ್ಸು ಸೇರುತ್ತಾರೆ. ನಾಲ್ಕು ವರ್ಷದ ನಂತರ ಎಲ್ಲರೂ ಒಟ್ಟಿಗೆ ಹೊರಬರುತ್ತಾರೆ, ಸಂಬಳ ಬೀಳುತ್ತದೆ, ಮುಂದಿನವರು ಬೇರೆ ದಾರಿ ಹಿಡಿಯುತ್ತಾರೆ. ಮತ್ತೆ ಕೊರತೆ. ಅಮೆರಿಕದ ಎಂಜಿನಿಯರುಗಳಲ್ಲಿ ಈ ಏರಿಳಿತವನ್ನು ಅರ್ಥಶಾಸ್ತ್ರಜ್ಞ ರಿಚರ್ಡ್ ಫ್ರೀಮನ್ 1970ರ ದಶಕದಲ್ಲಿ ವಿವರಿಸಿದ್ದರು.

ಓದಿಗೂ ಕೆಲಸಕ್ಕೂ ತಾಳೆ ಕೂಡಿಸುವ ಮಾತು ಬಂದರೆ ಎಲ್ಲರೂ ಜರ್ಮನಿಯತ್ತ ಬೆರಳು ತೋರಿಸುತ್ತಾರೆ. ಅಲ್ಲಿ 1969ರ ಕಾಯ್ದೆಯಡಿ ಹುಡುಗರು ವಾರದಲ್ಲಿ ಮೂರ್ನಾಲ್ಕು ದಿನ ಕಂಪನಿಯಲ್ಲಿ ದುಡಿಯುತ್ತಾ ಕಲಿಯುತ್ತಾರೆ, ಉಳಿದ ದಿನ ಶಾಲೆ. ಕಂಪನಿ ಭತ್ಯೆ ಕೊಡುತ್ತದೆ, ಸರ್ಕಾರ ಶಾಲೆಯ ಖರ್ಚು ನೋಡಿಕೊಳ್ಳುತ್ತದೆ. ಇಂಥ ಕಸುಬುಗಳು ಮುನ್ನೂರಕ್ಕೂ ಹೆಚ್ಚು. ಏನು ಕಲಿಸಬೇಕೆಂದು ಮಾಲೀಕರು, ಕಾರ್ಮಿಕ ಸಂಘಗಳು, ಸರ್ಕಾರ ಕೂತು ತೀರ್ಮಾನಿಸುತ್ತಾರೆ. ಚೆನ್ನಾಗಿದೆ, ಆದರೆ ಕಾಯ್ದೆ ನಕಲು ಮಾಡಿದರೆ ಆ ಸಂಘಗಳು ಜೊತೆಗೆ ಬರುವುದಿಲ್ಲ. ಇನ್ನೊಂದು ತೊಡಕೂ ಇದೆ. ಕಸುಬು ಕಲಿತವರಿಗೆ ಚಿಕ್ಕ ವಯಸ್ಸಿನಲ್ಲಿ ಬೇಗ ಕೆಲಸ ಸಿಗುತ್ತದೆ, ನಿಜ. ತಂತ್ರಜ್ಞಾನ ಬದಲಾದಂತೆ ನಡುವಯಸ್ಸು ದಾಟಿದ ಮೇಲೆ ಆ ಅನುಕೂಲ ಕರಗುತ್ತದೆ ಎಂದು ಹಲವು ದೇಶಗಳ ಅಂಕಿ ಅಂಶ ನೋಡಿದ ಅಧ್ಯಯನವೊಂದು ಕಂಡುಕೊಂಡಿದೆ.

ನನಗೆ ಹೆಚ್ಚು ಇಷ್ಟವಾಗುವುದು ಸ್ವೀಡನ್ನಿನ ಇಬ್ಬರ ಆಲೋಚನೆ. ಯೋಸ್ತಾ ರೇನ್, ರುಡಾಲ್ಫ್ ಮೈಡ್ನರ್ ಇಬ್ಬರೂ ಕಾರ್ಮಿಕ ಸಂಘದ ಅರ್ಥಶಾಸ್ತ್ರಜ್ಞರು. ಒಟ್ಟು ಖರ್ಚನ್ನು ಸಿಕ್ಕಾಪಟ್ಟೆ ಏರಿಸಿ ಎಲ್ಲರಿಗೂ ಕೆಲಸ ಕೊಡಲು ಹೋದರೆ ಬೆಲೆ ಏರುತ್ತದೆ ಎಂದು ಅವರು 1951ರಲ್ಲಿ ಹೇಳಿದರು. ಅದರ ಬದಲು ಖರ್ಚಿಗೆ ಹಿಡಿತವಿರಲಿ, ಕೆಲಸ ಕಳೆದುಕೊಂಡವರ ಮರುತರಬೇತಿಗೆ, ಊರು ಬದಲಿಸಲು ದುಡ್ಡು ಹೋಗಲಿ ಎಂದರು. ಕಂಪನಿ ಮುಳುಗಬಹುದು, ಆದರೆ ಅಲ್ಲಿ ದುಡಿದವರು ಇನ್ನೊಂದು ಕಡೆ ನೆಲೆ ಕಂಡುಕೊಳ್ಳುವಂತಿರಬೇಕು. ಇಂಥ ಖರ್ಚಿಗೆ ಉದ್ಘಾಟನೆ ಇಲ್ಲ, ಫಲಕ ಇಲ್ಲ. ಬಜೆಟ್ ಭಾಷಣದಲ್ಲಿ ಇದಕ್ಕೆ ಜಾಗ ಸಿಗದಿರುವುದರಲ್ಲಿ ಆಶ್ಚರ್ಯವೂ ಇಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಹುಡುಗರು ಕೇಳುವುದು ಬೇರೆಯೇ: "ಹಾಗಾದರೆ ನಾನು ಏನು ಓದಲಿ?" ಇದಕ್ಕೆ ನನ್ನಲ್ಲಿ ಕೋರ್ಸಿನ ಹೆಸರಿಲ್ಲ. ಇವತ್ತು ಯಾವುದಕ್ಕೆ ಸಂಬಳ ಜಾಸ್ತಿ ಎಂದು ಮಾತ್ರ ನೋಡಬೇಡಿ ಎನ್ನುತ್ತೇನೆ. ಆ ಕೋರ್ಸಿಗೆ ಈಗ ಎಷ್ಟು ಮಂದಿ ಸೇರುತ್ತಿದ್ದಾರೆ ಎಂದೂ ನೋಡಿ, ನಿಮ್ಮ ಜೊತೆಗೇ ಹೊರಬರುವವರು ಅವರೇ. ಸರ್ಕಾರಿ ಪರೀಕ್ಷೆ ಬರೆಯುವ ಮನಸ್ಸಿದ್ದರೆ ಎಷ್ಟು ವರ್ಷ ಎಂದು ಶುರುವಿನಲ್ಲೇ ಮನೆಯವರ ಎದುರು ಹೇಳಿ ಗಡುವು ಹಾಕಿಕೊಳ್ಳಿ. ಕೆಟ್ಟ ವರ್ಷದಲ್ಲಿ ಓದು ಮುಗಿದಿದ್ದರೆ ಮೊದಲ ಕೆಲಸದಲ್ಲೇ ತಳವೂರಬೇಡಿ. ಆ ಕೆನಡಾದ ಅಧ್ಯಯನದಲ್ಲಿ ನಷ್ಟ ತುಂಬಿಕೊಂಡವರು ಹೆಚ್ಚಾಗಿ ಕಂಪನಿ ಬದಲಿಸುತ್ತಾ ಹೋದವರು.