2,155 ಮೀಟರ್ ಆಳದ ಒಂದು ಚೀಲ

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಪರದೆಯ ಮೇಲೆ 8.6 ಎಂಬ ಅಂಕಿ ಮೂಡಿದಾಗ ನಾನು ಕುಳಿತಲ್ಲಿಂದ ಎದ್ದು ನಿಂತೆ. ಗುಜರಾತಿನ ಕ್ಯಾಂಬೆ ಬೇಸಿನ್ನಿನ ಉತ್ತರ ಭಾಗದಲ್ಲಿ ಕೊರೆದ ಒಂದು ಬಾವಿಯಿಂದ ಬಂದ ಶಿಲಾಚೂರುಗಳಲ್ಲಿ ಸಾವಯವ ಇಂಗಾಲ ಎಷ್ಟಿದೆ, ಆ ಶಿಲೆಗೆ ತೈಲ ಹುಟ್ಟಿಸುವ ಶಕ್ತಿ ಎಷ್ಟಿದೆ ಎಂದು ಅಳೆಯುವುದು ಆ ವಾರ ನನ್ನ ಪಾಲಿಗೆ ಬಂದಿದ್ದ ಕೆಲಸ. 2,060 ಮೀಟರಿನಿಂದ 2,145 ಮೀಟರಿನವರೆಗೆ, ಐದೈದು ಮೀಟರಿಗೆ ಒಂದರಂತೆ, ಹದಿನೆಂಟು ಮಾದರಿಗಳು ಮುಗಿದಿದ್ದವು. ಅವೆಲ್ಲವುಗಳಲ್ಲಿಯೂ ಸಾವಯವ ಇಂಗಾಲ ಶೇಕಡಾ 1.8ರಿಂದ 2.6ರ ಒಳಗೇ ಇತ್ತು. ಆ ದಿನ ಬೆಳಿಗ್ಗೆ ಮೊದಲು ಹಾಕಿದ 2,150ರ ಮಾದರಿ 5.9 ತೋರಿಸಿತು, ಅದರ ಹಿಂದೆಯೇ ಬಂದ 2,155ರದು 8.6.

ಈ ಅಂಕಿಯ ತೂಕ ತಿಳಿಯಬೇಕಾದರೆ ಅಳತೆಗೋಲು ತಿಳಿದಿರಬೇಕು. ಜೇಡಿಶಿಲೆಯಲ್ಲಿ ಸಾವಯವ ಇಂಗಾಲ ಶೇಕಡಾ ಅರ್ಧಕ್ಕಿಂತ ಕಡಿಮೆಯಿದ್ದರೆ ಅದನ್ನು ಬಡಶಿಲೆ ಎಂದು ಬದಿಗಿಡುತ್ತೇವೆ. ಒಂದನ್ನು ದಾಟಿದರೆ ಒಳ್ಳೆಯದು, ಎರಡನ್ನು ದಾಟಿದರೆ ಬಹಳ ಒಳ್ಳೆಯದು. ಎಂಟನ್ನು ದಾಟುವ ಜೇಡಿಶಿಲೆ ದಿನಬೆಳಗಾದರೆ ಸಿಗುವಂಥದ್ದಲ್ಲ. ಪುಸ್ತಕಗಳಲ್ಲಿ ಇಂಥ ಶಿಲೆಗೆ ಮೂಲಶಿಲೆ ಎಂಬ ಹೆಸರಿದೆ. ನಾನು ಮನಸ್ಸಿನಲ್ಲಿ ಅದನ್ನು ತವರುಶಿಲೆ ಎಂದು ಕರೆದುಕೊಳ್ಳುತ್ತೇನೆ, ಏಕೆಂದರೆ ತೈಲ ಅಲ್ಲಿ ಹುಟ್ಟುತ್ತದೆಯೇ ಹೊರತು ಅಲ್ಲಿ ಬಾಳುವುದಿಲ್ಲ. ಬಿಸಿ ಮತ್ತು ಒತ್ತಡಗಳು ಅದನ್ನು ಹೊರದೂಡಿದ ಮೇಲೆ ದೂರದ ಮರಳುಗಲ್ಲಿನ ರಂಧ್ರಗಳಲ್ಲಿ ನೆಲೆ ಕಾಣುತ್ತದೆ. ಬಾವಿ ತೋಡುವವರ ಕಣ್ಣು ಆ ಮರಳುಗಲ್ಲಿನ ಮೇಲೆ ಇರುತ್ತದೆ. ತವರು ಬಡವಾಗಿದ್ದರೆ ಮರಳುಗಲ್ಲು ಎಷ್ಟು ಚೆನ್ನಾಗಿದ್ದರೂ ಅದರಲ್ಲಿ ಉಪ್ಪುನೀರಷ್ಟೇ ಸಿಗುತ್ತದೆ.

ಕ್ಯಾಂಬೆ ಒಂದು ಬಿರುಕು ಕಣಿವೆ. ರಾಜಸ್ಥಾನದ ಸಾಂಚೋರ್ ಕಡೆಯಿಂದ ಖಂಬಾತ್ ಕೊಲ್ಲಿಯವರೆಗೆ ಭೂಮಿಯ ಹೊರಪದರ ಎರಡೂ ಕಡೆಗೆ ಎಳೆಯಲ್ಪಟ್ಟು, ತೆಳುವಾಗಿ, ನಡುವಿನ ಪಟ್ಟಿ ಸ್ತರಭಂಗಗಳ ಗುಂಟ ಕೆಳಗೆ ಕುಸಿದು ಆದದ್ದು. ಅದರ ತಳದಲ್ಲಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ, ಅಂದರೆ ಡೆಕ್ಕನ್ ಟ್ರ್ಯಾಪ್. ನಾನು ಹುಟ್ಟಿ ಬೆಳೆದ ವಿಜಯಪುರ ಜಿಲ್ಲೆಯ ಹೊಲಗಳ ಕೆಳಗಿರುವ ಕರಿಕಲ್ಲೂ, ಅದು ಸವೆದು ಆದ ಎರೆಮಣ್ಣೂ ಅದೇ ಲಾವಾದ ಮಕ್ಕಳು. ಗುಜರಾತಿನಲ್ಲಿ ಆ ಕಲ್ಲು ಆಳಕ್ಕೆ ಇಳಿದು ಹೋಯಿತು. ಅದರ ಮೇಲೆ ಮೊದಲು ಅದರದೇ ಚೂರುಗಳಿಂದಾದ ಓಲ್ಪಾಡ್ ಸ್ತರ, ಆಮೇಲೆ ಸಮುದ್ರ ಒಳನುಗ್ಗಿದ ಕಾಲದಲ್ಲಿ ಕಪ್ಪು ಕೆಸರು ಸಂಚಯಿಸಿ ಆದ ಕ್ಯಾಂಬೆ ಶೇಲ್ ಎಂಬ ಜೇಡಿಶಿಲೆ, ಅದರ ಮೇಲೆ ಮರಳು ಮತ್ತು ಕಲ್ಲಿದ್ದಲಿನ ಪದರಗಳನ್ನು ಹೊತ್ತ ಕಲೋಲ್ ಸ್ತರ. ಕುಸಿಯುತ್ತಲೇ ಇರುವ ಕಣಿವೆಯಲ್ಲಿ ಸಸ್ಯದ ಮತ್ತು ಪಾಚಿಯ ಅವಶೇಷ ಕೊಳೆತು ಹೋಗುವ ಮೊದಲೇ ಹೂಳಲ್ಪಡುತ್ತದೆ. ತೆಳುವಾದ ಹೊರಪದರದ ಕೆಳಗಿನಿಂದ ಬರುವ ಬಿಸಿ ಅದನ್ನು ಬೇಯಿಸುತ್ತದೆ. 1958ರಲ್ಲಿ ಖಂಬಾತ್ ಬಳಿಯ ಲುಣೇಜ್‌ನಲ್ಲಿ, 1960ರಲ್ಲಿ ಅಂಕಲೇಶ್ವರದಲ್ಲಿ ಸಿಕ್ಕ ತೈಲದ ಹಿಂದೆ ಇರುವುದು ಈ ಕ್ಯಾಂಬೆ ಶೇಲ್.

ನಮ್ಮ ಬಾವಿಯ ಮಾದರಿಗಳು ಆ ಶೇಲಿನ ಕೆಳಭಾಗದವು. ಓಲ್ಪಾಡ್ ಸ್ತರದ ಹತ್ತಿರ, ಕಣಿವೆಯ ಅತ್ಯಂತ ತಗ್ಗಿನ ಜಾಗದಲ್ಲಿ, ಸಮೃದ್ಧವಾದ ತೆಳು ಪದರವೊಂದು ಇರಬಹುದೆಂದು ನಮ್ಮ ತಂಡದಲ್ಲಿ ಎಷ್ಟೋ ದಿನಗಳಿಂದ ಮಾತು ನಡೆದಿತ್ತು. ಉತ್ತರಕ್ಕೆ, ರಾಜಸ್ಥಾನದ ಬಾರ್ಮೇರ್ ಬಿರುಕಿನಲ್ಲಿ, ಹಳೆಯ ಸರೋವರದ ಪಾಚಿಯಿಂದಾದ ಶ್ರೀಮಂತ ಜೇಡಿಶಿಲೆಯೇ 2004ರಲ್ಲಿ ಪತ್ತೆಯಾದ ಮಂಗಳಾ ಕ್ಷೇತ್ರದ ತೈಲಕ್ಕೆ ಕಾರಣವಾದದ್ದು ನಮಗೆಲ್ಲರಿಗೂ ಗೊತ್ತಿತ್ತು. ಅಂಥದ್ದೊಂದರ ಸುಳಿವು ಇಲ್ಲಿಯೂ ಸಿಕ್ಕಿತೆಂದು ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲದೆ, ಬಾವಿಯ ಹೊಣೆ ಹೊತ್ತಿದ್ದ ಭೂವಿಜ್ಞಾನಿಗೆ ಫೋನ್ ಮಾಡಿ, 2,150ರ ಕೆಳಗೆ ಸಮೃದ್ಧ ಪದರ ಇದೆ ಎಂದು ಹೇಳಿಯೂಬಿಟ್ಟೆ.

ಆ ಮೇಲೆ ಉಳಿದ ಅಂಕಿಗಳನ್ನು ನೋಡಿದೆ. ನಾವು ಬಳಸುವ ರಾಕ್-ಇವಾಲ್ ಯಂತ್ರ ಫ್ರಾನ್ಸಿನ ಪೆಟ್ರೋಲಿಯಂ ಸಂಸ್ಥೆಯಲ್ಲಿ 1970ರ ದಶಕದಲ್ಲಿ ರೂಪುಗೊಂಡದ್ದು. ನೂರು ಮಿಲಿಗ್ರಾಂಗಿಂತ ಹೆಚ್ಚಿಲ್ಲದ ಶಿಲಾಪುಡಿಯನ್ನು ಗಾಳಿಯಿಲ್ಲದ ಒಲೆಯಲ್ಲಿ ಕಾಯಿಸಿದಾಗ, 300 ಡಿಗ್ರಿಯಲ್ಲಿ ಹೊರಬರುವುದು ಶಿಲೆಯಲ್ಲಿ ಈಗಾಗಲೇ ಹುಟ್ಟಿ ಉಳಿದ ತೈಲ, ಅದು ಎಸ್-1. ಆಮೇಲೆ ನಿಮಿಷಕ್ಕೆ 25 ಡಿಗ್ರಿಯಂತೆ ಬಿಸಿ ಏರಿಸಿದಾಗ ಕೆರೊಜೆನ್ ಎಂಬ ಘನ ಸಾವಯವ ವಸ್ತು ಒಡೆದು ಹೊರಬರುವುದು ಎಸ್-2. ಕೋಟ್ಯಂತರ ವರ್ಷಗಳಲ್ಲಿ ಆ ಶಿಲೆ ಕೊಡಬಹುದಾಗಿದ್ದ ತೈಲ ಮತ್ತು ಅನಿಲವನ್ನು ಅರ್ಧ ಗಂಟೆಯೊಳಗೆ ಕೊಡಿಸಿ ತೋರಿಸುವ ಅಂಕಿ ಅದು. ಎಸ್-2 ಉತ್ತುಂಗಕ್ಕೇರುವ ತಾಪಮಾನ ಟಿ-ಮ್ಯಾಕ್ಸ್; ಶಿಲೆ ನೆಲದಡಿಯಲ್ಲಿ ಎಷ್ಟು ಬೆಂದಿದೆ ಎಂಬುದಕ್ಕೆ ಅದು ಸಾಕ್ಷಿ. ಸುಮಾರು 435 ಡಿಗ್ರಿಯ ಹತ್ತಿರ ತೈಲ ಹುಟ್ಟುವ ಹಂತ ಆರಂಭವಾಗುತ್ತದೆ. ಮೇಲಿನ ಹದಿನೆಂಟು ಮಾದರಿಗಳಲ್ಲಿ ಟಿ-ಮ್ಯಾಕ್ಸ್ 434ರಿಂದ 437ರವರೆಗೆ ನಿಧಾನವಾಗಿ ಏರುತ್ತಿತ್ತು. ಆಳಕ್ಕೆ ಹೋದಂತೆ ಬಿಸಿ ಹೆಚ್ಚುವುದರಿಂದ ಅದು ಏರಲೇಬೇಕು. 2,155ರಲ್ಲಿ ಅದು 421ಕ್ಕೆ ಇಳಿದಿತ್ತು. ಇಂಗಾಲದ ಒಂದು ಗ್ರಾಂಗೆ ಎಷ್ಟು ಮಿಲಿಗ್ರಾಂ ಹೈಡ್ರೊಕಾರ್ಬನ್ ಬರುತ್ತದೆ ಎಂದು ಹೇಳುವ ಹೈಡ್ರೊಜನ್ ಸೂಚ್ಯಂಕ ಸರೋವರದ ಪಾಚಿಯದಾದರೆ 600ರ ಮೇಲಿರಬೇಕು; ಇಲ್ಲಿ ಅದು 145. ಆಮ್ಲಜನಕದ ಸೂಚ್ಯಂಕ ಮೇಲಿನ ಮಾದರಿಗಳಲ್ಲಿ 40ರ ಆಸುಪಾಸಿನಲ್ಲಿದ್ದದ್ದು ಇಲ್ಲಿ 95ಕ್ಕೆ ಏರಿತ್ತು. ಇಂಗಾಲ ಅಷ್ಟೊಂದು ಇದ್ದರೂ ಅದು ಇನ್ನೂ ಸರಿಯಾಗಿ ಬೇಯದ, ಮರದಿಂದ ಬಂದ ಇಂಗಾಲ ಎಂದು ಮೂರು ಅಂಕಿಗಳೂ ಒಂದೇ ಮಾತು ಹೇಳುತ್ತಿದ್ದವು. 8.6ರ ಮೇಲೆ ನೆಟ್ಟಿದ್ದ ನನ್ನ ಕಣ್ಣು ಅವುಗಳ ಕಡೆ ಹೊರಳಿರಲಿಲ್ಲ.

ನಮ್ಮ ವಿಭಾಗದ ಹಿರಿಯರು ಕಲಬುರಗಿಯ ಕಡೆಯವರು. ಹಾಳೆಯನ್ನು ಕೈಗೆ ತೆಗೆದುಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ.

“ತಂಗೀ, ಚೀಲದಾಗಿನ ಚೂರು ಕಣ್ಣಿಲೆ ನೋಡೀಯೇನು?”

“ಇಲ್ರಿ ಸರ್. ಪುಡಿ ಆಗಿ ಬಂದದ್ದನ್ನಷ್ಟ ನೋಡೇನ್ರಿ.”

ಅವರು ಬೈಯಲಿಲ್ಲ. ದಾಸ್ತಾನು ಕೋಣೆಗೆ ಹೋಗಿ 2,155ರ ಬಟ್ಟೆಚೀಲವನ್ನು ತಾವೇ ತಂದು, ಚೂರುಗಳನ್ನು ಬಿಳಿಯ ತಟ್ಟೆಯಲ್ಲಿ ಸುರಿದು, ಮೈಕ್ರೋಸ್ಕೋಪಿನ ಕೆಳಗೆ ಇಟ್ಟರು. ಕಡುಬೂದು ಬಣ್ಣದ, ಹಾಳೆ ಹಾಳೆಯಾಗಿ ಬಿಡುವ ಜೇಡಿಶಿಲೆಯ ಚೂರುಗಳ ನಡುವೆ ಕಂದುಗಪ್ಪಿನ, ಹಗುರವಾದ, ಅಲ್ಲಲ್ಲಿ ಮರದ ಎಳೆ ಕಾಣುವ ತುಣುಕುಗಳಿದ್ದವು. ಸೂಜಿಯಿಂದ ಒತ್ತಿದರೆ ಪುಡಿಯಾಗಿ ಕಂದು ಗೆರೆ ಬಿಡುತ್ತಿದ್ದವು. ಎಂಟು ಹತ್ತು ಚೂರಿಗೆ ಒಂದರಂತೆ ಇದ್ದ ಅವು ಜೇಡಿಶಿಲೆ ಆಗಿರಲಿಲ್ಲ. ಒರಳಿನಲ್ಲಿ ಅರೆದು ಹಿಟ್ಟಾದ ಮೇಲೆ ಇದ್ಯಾವುದೂ ಕಾಣುವುದಿಲ್ಲ. ಎಲ್ಲವೂ ಒಂದೇ ಬೂದು ಪುಡಿ. ಕೆಲಸ ಬೇಗ ಸಾಗಲೆಂದು ಮಾದರಿಗಳನ್ನು ನೇರವಾಗಿ ಅರೆಯಲು ಕಳಿಸುವ ರೂಢಿಯನ್ನು ನಾನು ಅಂದಿನಿಂದ ಒಪ್ಪಿಲ್ಲ.

ಇನ್ನು ಉಳಿದದ್ದು ಆ ತುಣುಕುಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆ. ಆ ಆಳದಲ್ಲಿಯೇ ಕಲ್ಲಿದ್ದಲಿನ ತೆಳು ಪದರ ಇರಬಹುದು. ಇಲ್ಲವೇ ಕೊರೆಯುವಾಗ ಬಾವಿಯಲ್ಲಿ ಸುತ್ತುವ ಕೆಸರಿಗೆ ಯಾರಾದರೂ ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲನ್ನು ಬೆರೆಸಿರಬಹುದು. ಕೆಸರು ಗಟ್ಟಿಯಾಗದಂತೆ ನೋಡಿಕೊಳ್ಳಲು ಲಿಗ್ನೈಟನ್ನು, ಬಿರುಕುಗಳಲ್ಲಿ ಕೆಸರು ಸೋರಿ ಹೋಗದಂತೆ ತಡೆಯಲು ಅಕ್ರೋಟಿನ ಚಿಪ್ಪಿನ ಚೂರನ್ನು ಬೆರೆಸುವುದು ಉಂಟು, ಮತ್ತು ಅವೆರಡೂ ನಮ್ಮ ಯಂತ್ರಕ್ಕೆ ಸಾವಯವ ಇಂಗಾಲವಾಗಿಯೇ ಕಾಣುತ್ತವೆ. ಅದೂ ಅಲ್ಲವಾದರೆ ಮೇಲಿನ ಯಾವುದೋ ಪದರದ ಗೋಡೆ ಕುಸಿದು ಅದರ ಚೂರು ಕೆಳಗೆ ಬಿದ್ದು ನಮ್ಮ ಮಾದರಿಯಲ್ಲಿ ಸೇರಿರಬಹುದು.

ಮಧ್ಯಾಹ್ನದ ಊಟದ ಹೊತ್ತು ದಾಟಿದರೂ ನಾವು ಕಡತಗಳ ಮುಂದೆಯೇ ಕುಳಿತಿದ್ದೆವು. ಕೆಸರಿನ ದಿನಚರಿಯಲ್ಲಿ ಆ ಆಳಕ್ಕೆ ಲಿಗ್ನೈಟಿನ ಅಥವಾ ಚಿಪ್ಪಿನ ಉಲ್ಲೇಖವೇ ಇರಲಿಲ್ಲ. ಬಾವಿಯ ವಿದ್ಯುತ್ ಮತ್ತು ಸಾಂದ್ರತೆಯ ಲಾಗ್‌ಗಳನ್ನು, ಅಂದರೆ ಆಳ ಆಳಕ್ಕೂ ಅಳೆದ ಶಿಲೆಯ ಗುಣವನ್ನು ಗೆರೆಯಾಗಿ ತೋರಿಸುವ ಹಾಳೆಗಳನ್ನು, ಹರಡಿ ನೋಡಿದೆವು. ಕಲ್ಲಿದ್ದಲಿನ ಸಾಂದ್ರತೆ ಜೇಡಿಶಿಲೆಯ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು, ಆದ್ದರಿಂದ ಅದು ಇದ್ದಲ್ಲಿ ಗೆರೆ ಒಮ್ಮೆಲೇ ಎಡಕ್ಕೆ ಬೀಳಬೇಕು. 2,150ರ ಸುತ್ತ ಗೆರೆ ಎಲ್ಲಿಯೂ ಅಲುಗಿರಲಿಲ್ಲ. ಆದರೆ ಅದೇ ಹಾಳೆಯ ಮೇಲ್ಭಾಗದಲ್ಲಿ, 1,400 ಮೀಟರಿನ ಹತ್ತಿರ ಕಲೋಲ್ ಸ್ತರದಲ್ಲಿ, ಅಂಥ ನಾಲ್ಕಾರು ಇಳಿತಗಳು ಸಾಲಾಗಿದ್ದವು. ಅಲ್ಲಿಯೇ ಬಾವಿಯ ಬಾಯಗಲವನ್ನು ಅಳೆಯುವ ಗೆರೆ ಹೊರಕ್ಕೆ ಉಬ್ಬಿತ್ತು. ಅಂದರೆ ಕಲ್ಲಿದ್ದಲು ಅಲ್ಲಿಂದ ಕಳಚಿ ಬಿದ್ದಿತ್ತು. ಗೋಡೆ ಕುಸಿಯದಂತೆ ತಡೆಯುವ ಉಕ್ಕಿನ ಕೊಳವೆಯನ್ನು, ಅಂದರೆ ಕೇಸಿಂಗನ್ನು, ಆ ಭಾಗಕ್ಕೆ ಇಳಿಸಿರಲಿಲ್ಲ.

ಆದರೂ 2,145ರವರೆಗೆ ಬೀಳದ್ದು ಒಮ್ಮೆಲೇ ಏಕೆ ಬಿತ್ತು ಎಂಬುದು ಉಳಿದಿತ್ತು. ಅದಕ್ಕೆ ಉತ್ತರ ರಿಗ್ಗಿನ ದಿನವಹಿಯಲ್ಲಿ ಸಿಕ್ಕಿತು. 2,148 ಮೀಟರಿನಲ್ಲಿ ಸವೆದ ಬಿಟ್, ಅಂದರೆ ಶಿಲೆ ಕೊರೆಯುವ ತುದಿ, ಬದಲಿಸಲು ಪೈಪುಗಳನ್ನೆಲ್ಲ ಮೇಲೆಳೆದು ಮತ್ತೆ ಇಳಿಸಿದ್ದರು. ಎರಡು ಕಿಲೋಮೀಟರಿಗೂ ಉದ್ದದ ಉಕ್ಕು ಮೇಲೆ ಕೆಳಗೆ ಓಡಾಡುವಾಗ ಗೋಡೆಗೆ ಉಜ್ಜುತ್ತದೆ, ಕೆಸರಿನ ಒತ್ತಡ ಏರಿಳಿಯುತ್ತದೆ, ದುರ್ಬಲವಾದ ಪದರ ಉದುರುತ್ತದೆ. ಆ ಬಳಿಕ ಕೊರೆದ ಮೊದಲ ಕೆಲವು ಮೀಟರುಗಳ ಮಾದರಿಯಲ್ಲಿ ಆ ಉದುರು ಸೇರುತ್ತದೆ. 2,150ರ ಚೀಲದಲ್ಲಿ ಬಿಟ್ ಬದಲಿಸುವ ಮೊದಲಿನ ಚೂರೂ ಇದ್ದದ್ದರಿಂದ 5.9, 2,155ರ ಚೀಲ ಪೂರ್ತಿಯಾಗಿ ಅದರ ನಂತರದ್ದಾದ್ದರಿಂದ 8.6. ಮಧ್ಯಾಹ್ನ ಯಂತ್ರದಿಂದ ಬಂದ ಮುಂದಿನ ಅಂಕಿಗಳು 7.2, 4.1, 3.0 ಎಂದು ಇಳಿಯುತ್ತಾ ಹೋಗಿ, 2,175ರಲ್ಲಿ 2.4ಕ್ಕೆ ನಿಂತವು. ಉದುರಿದ್ದನ್ನು ಕೆಸರು ತೊಳೆದು ಹೊರಹಾಕುತ್ತಾ ಬಂದ ಕ್ರಮವೇ ಆ ಅಂಕಿಗಳಲ್ಲಿ ಕಾಣುತ್ತಿತ್ತು.

ಸಂಜೆಯ ನಾಲ್ಕು ಗಂಟೆಗಳನ್ನು ನಾನು ಚಿಮುಟ ಹಿಡಿದು ಕಳೆದೆ. ಮೈಕ್ರೋಸ್ಕೋಪಿನ ಕೆಳಗೆ 2,155ರ ಚೂರುಗಳಿಂದ ಜೇಡಿಶಿಲೆಯನ್ನಷ್ಟೇ ಒಂದೊಂದಾಗಿ ಆರಿಸಿ, ಚಿಕ್ಕ ಗಾಜಿನ ಬಾಟಲಿಗೆ ಹಾಕಿದೆ. ಕತ್ತು ನೋಯುತ್ತಿತ್ತು, ಆದರೆ ಆ ಕೆಲಸದಲ್ಲಿ ಒಂದು ನೆಮ್ಮದಿಯೂ ಇತ್ತು, ಅಕ್ಕಿಯಲ್ಲಿ ಕಲ್ಲು ಆರಿಸುವಾಗ ನಮ್ಮ ಅಜ್ಜಿಯ ಮುಖದಲ್ಲಿ ಕಾಣುತ್ತಿದ್ದಂಥದ್ದು. ಆರಿಸಿದ ಶಿಲೆಯನ್ನು ನಾನೇ ಅರೆದು, ನಾನೇ ತೂಗಿ ಯಂತ್ರಕ್ಕೆ ಹಾಕಿದೆ. ಸಾವಯವ ಇಂಗಾಲ 2.4. ಎಸ್-2 ಒಂದು ಗ್ರಾಂ ಶಿಲೆಗೆ 12.5 ಮಿಲಿಗ್ರಾಂ ಇದ್ದದ್ದು 4.1ಕ್ಕೆ ಇಳಿದಿತ್ತು. ಟಿ-ಮ್ಯಾಕ್ಸ್ 437, ಅಂದರೆ ಮೇಲಿನ ಮಾದರಿಗಳ ಸಾಲಿನಲ್ಲಿ ಸರಿಯಾಗಿ ಕುಳಿತಿತ್ತು. ಹೈಡ್ರೊಜನ್ ಸೂಚ್ಯಂಕ 171. ಹೆಚ್ಚಾಗಿ ನೆಲದ ಗಿಡಮರಗಳಿಂದ ಬಂದ, ತೈಲಕ್ಕಿಂತ ಅನಿಲದ ಕಡೆಗೆ ವಾಲುವ ಮೂರನೆಯ ಬಗೆಯ ಕೆರೊಜೆನ್.

ಎರಡು ದಿನಗಳ ಬಳಿಕ ಬಂದ ವಿಟ್ರಿನೈಟ್ ಅಳತೆ ಈ ಕಥೆಗೆ ಕೊನೆಯ ಸಾಕ್ಷಿ ನುಡಿಯಿತು. ವಿಟ್ರಿನೈಟ್ ಮರದ ಅಂಶದಿಂದ ಬಂದ ಕಣ. ಶಿಲೆ ಬೆಂದಷ್ಟೂ ಅದು ಬೆಳಕನ್ನು ಹೆಚ್ಚು ಪ್ರತಿಫಲಿಸುತ್ತದೆ. ಮೊದಲಿನ ಮಾದರಿಯಲ್ಲಿ ಕಣಗಳು ಎರಡು ಗುಂಪಾಗಿ ಒಡೆದಿದ್ದವು: ಒಂದು ಗುಂಪಿನ ಪ್ರತಿಫಲನದ ಸರಾಸರಿ ಶೇಕಡಾ 0.42, ಇನ್ನೊಂದರದು 0.61. ಒಂದೇ ಆಳದಲ್ಲಿ ಒಂದೇ ಬಿಸಿಯಲ್ಲಿ ಬೆಂದ ಕಣಗಳು ಹೀಗೆ ಎರಡಾಗಲಾರವು. ಆರಿಸಿದ ಮಾದರಿಯಲ್ಲಿ 0.61ರ ಗುಂಪು ಮಾತ್ರ ಉಳಿದಿತ್ತು.

ಮೊದಲ ಅಂಕಿಗಳು ಹಾಗೆಯೇ ವರದಿ ಸೇರಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಲೆಕ್ಕ ಹಾಕಿ ನೋಡಿದೆ. 20 ಮೀಟರ್ ದಪ್ಪದ ಪದರಕ್ಕೆಲ್ಲ 2,155ರ ಅಂಕಿಯನ್ನೇ ಹಚ್ಚಿದರೆ, ಪ್ರತಿ ಚದರ ಮೀಟರಿನ ಕೆಳಗೆ ಸುಮಾರು 0.64 ಟನ್ ಹೈಡ್ರೊಕಾರ್ಬನ್ ಹುಟ್ಟಿಸುವ ಶಕ್ತಿ ಇದೆ ಎಂದಾಗುತ್ತದೆ. ಆರಿಸಿದ ಶಿಲೆಯ ಪ್ರಕಾರ ಅದು 0.22 ಟನ್. ಕಣಿವೆಯ ಒಂದು ತಗ್ಗಿನ ನೂರಾರು ಚದರ ಕಿಲೋಮೀಟರಿಗೆ ಈ ಅಂಕಿಯನ್ನು ಹಬ್ಬಿಸಿ ತೈಲದ ಅಂದಾಜು ಮಾಡುವವರು ನಮ್ಮ ವರದಿಯನ್ನು ನಂಬಿಯೇ ಕೂರುತ್ತಾರೆ. ಅವರ ಕೈಯಲ್ಲಿ ಶಿಲೆ ಇರುವುದಿಲ್ಲ.

ಬೆಳಿಗ್ಗೆ ಫೋನ್ ಮಾಡಿದ್ದ ಭೂವಿಜ್ಞಾನಿಗೆ ಅಂದೇ ರಾತ್ರಿ ಎಂಟಕ್ಕೆ ಮತ್ತೆ ಫೋನ್ ಮಾಡಿದೆ. ಸಮೃದ್ಧ ಪದರ ಇಲ್ಲ, ನಾನು ನೋಡಿದ್ದು ಕಲೋಲ್ ಸ್ತರದಿಂದ ಬಿದ್ದ ಕಲ್ಲಿದ್ದಲು, ತಪ್ಪು ನನ್ನದು ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಶೇಲು ಕೆಟ್ಟದ್ದೇ?” ಎಂದು ಕೇಳಿದರು. ಕೆಟ್ಟದ್ದಲ್ಲ ಎಂದೆ. ಶೇಕಡಾ ಎರಡೂವರೆಯ ಹತ್ತಿರ ಇಂಗಾಲ ಹೊತ್ತು, ನೂರಕ್ಕೂ ಹೆಚ್ಚು ಮೀಟರ್ ದಪ್ಪಕ್ಕೆ ಎಡೆಬಿಡದೆ ಹಬ್ಬಿ, ತೈಲ ಹುಟ್ಟುವ ಹೊಸ್ತಿಲಿಗೆ ಈಗಷ್ಟೇ ಬಂದು ನಿಂತ ಶಿಲೆ ಅದು. ಇದೇ ಪದರ ಕಣಿವೆಯ ಇನ್ನೂ ಆಳದ ಭಾಗಕ್ಕೆ ಇಳಿದಲ್ಲಿ ಹೆಚ್ಚು ಬೆಂದಿರುತ್ತದೆ, ಅಲ್ಲಿ ನೋಡಬೇಕು. ಅದನ್ನೇ ವರದಿಯಲ್ಲಿಯೂ ಬರೆದೆ. ಆರಿಸಿದ ಮತ್ತು ಆರಿಸದ ಎರಡೂ ಮಾದರಿಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಕೊಟ್ಟು, ಬಿಟ್ ಬದಲಿಸಿದ ಆಳವನ್ನು ಗೆರೆ ಎಳೆದು ಗುರುತು ಮಾಡಿದೆ.

ಆ ವಾರದ ಕೊನೆಯ ಚೀಲಗಳು 2,210ರ ಕೆಳಗಿನವು. ಅವುಗಳನ್ನು ನಾನು ಅರೆಯಲು ಕಳಿಸುವ ಮೊದಲು ತಟ್ಟೆಗೆ ಸುರಿದೆ. ಜೇಡಿಶಿಲೆ ಕಡಿಮೆಯಾಗಿ, ಹಸಿರುಗಪ್ಪಿನ, ಅಂಚು ಸವೆದ, ಒಳಗೆ ಬಿಳಿಯ ಚುಕ್ಕೆಗಳಿದ್ದ ಚೂರುಗಳು ಬರತೊಡಗಿದ್ದವು. ಓಲ್ಪಾಡ್ ಸ್ತರ ಶುರುವಾಗಿತ್ತು. ನಮ್ಮ ಹೊಲದ ಬಾವಿ ತೋಡಿದಾಗ ದಂಡೆಯ ಮೇಲೆ ರಾಶಿ ಬೀಳುತ್ತಿದ್ದ ಕಲ್ಲು ಅದು. ಒಂದು ಚೂರನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ, ಚೀಟಿಯ ಮೇಲೆ “ಟ್ರ್ಯಾಪ್ ಕಲ್ಲಿನ ಚೂರು, ಪರೀಕ್ಷೆ ಬೇಡ” ಎಂದು ಬರೆದು ಚೀಲದ ಬಾಯಿ ಕಟ್ಟಿದೆ.