ದೊಡ್ಡಪತ್ರೆ, ಒಂದೆಲಗ ಮತ್ತು ಅಂಗಾಲಿನ ಹುಣ್ಣು

ತಂಬುಳಿಗೆಂದು ಹಿತ್ತಲಿನಿಂದ ಕಿತ್ತು ತರುವ ದೊಡ್ಡಪತ್ರೆ, ಒಂದೆಲಗಗಳ ಸಾರದಿಂದ ತೈವಾನಿನಲ್ಲಿ ಒಂದು ಮುಲಾಮು ತಯಾರಾಗಿದೆ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಅಲ್ಲಿನ ಸರ್ಕಾರ ಅದನ್ನು ಔಷಧವೆಂದೇ ಒಪ್ಪಿದೆ. ಹೆಸರು ಫೆಸ್ಪಿಕ್ಸಾನ್. ಮೂರನೇ ಹಂತದ ಪ್ರಯೋಗದ ಫಲಿತಾಂಶ ಪ್ರಕಟವಾದದ್ದು 2021ರಲ್ಲಿ. 236 ರೋಗಿಗಳು, 16 ವಾರ, ದಿನಕ್ಕೆ ಎರಡು ಸಲ ಲೇಪನ. ಮುಲಾಮು ಹಚ್ಚಿದವರಲ್ಲಿ ಶೇ. 60.7 ಮಂದಿಯ ಹುಣ್ಣು ಪೂರ್ತಿ ಮುಚ್ಚಿತು. ಬರೀ ತೇವ ಹೀರುವ ಡ್ರೆಸ್ಸಿಂಗ್ ಹಾಕಿದವರಲ್ಲಿ ಶೇ. 35.1. ಶುಗರ್ ಇರುವವರ ಗಾಯ ಉರಿಯೂತದ ಹಂತದಲ್ಲೇ ತಿಂಗಳುಗಟ್ಟಲೆ ನಿಂತುಬಿಡುತ್ತದೆ. ಅಲ್ಲಿರುವ ಬಿಳಿ ರಕ್ತಕಣಗಳನ್ನು ಉರಿಯೂತ ಹೆಚ್ಚಿಸುವ ಕೆಲಸದಿಂದ ಗಾಯ ಮಾಗಿಸುವ ಕೆಲಸಕ್ಕೆ ಹೊರಳಿಸುವುದು ಈ ಸಾರಗಳ ಗುಣ.

ಹಾಗೆಂದು ಹಿತ್ತಲ ಸೊಪ್ಪನ್ನು ಅರೆದು ಹುಣ್ಣಿಗೆ ಮೆತ್ತಬೇಡಿ. ಮುಲಾಮಿನಲ್ಲಿರುವುದು ಶುದ್ಧೀಕರಿಸಿ, ಅಳತೆಗೆ ತಂದ ಸಾರ. ಹಸಿ ರಸದ ಜೊತೆ ಮಣ್ಣಿನ ರೋಗಾಣುಗಳೂ ಗಾಯದೊಳಗೆ ಇಳಿಯುತ್ತವೆ. ಅರಿಶಿನ-ಸುಣ್ಣ, ಕಾಫಿಪುಡಿ, ಹೊಗೆಸೊಪ್ಪು ಇನ್ನೂ ಕೆಟ್ಟವು: ಸುಣ್ಣ ಚರ್ಮವನ್ನು ಸುಡುತ್ತದೆ, ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡ ಕಾಲಿಗೆ ಅದು ಗೊತ್ತೇ ಆಗುವುದಿಲ್ಲ, ಪುಡಿ ಹೆಪ್ಪುಗಟ್ಟಿ ಕೆಳಗಿನ ಕೀವನ್ನು ಮುಚ್ಚಿಡುತ್ತದೆ. ಮಧುಮೇಹ ಪಾದದ ಅಂತರರಾಷ್ಟ್ರೀಯ ತಜ್ಞರ 2023ರ ಮಾರ್ಗಸೂಚಿ, ಗಾಯ ಮಾಗಿಸಲೆಂದೇ ಗಿಡಮೂಲಿಕೆಯನ್ನಾಗಲಿ ಜೇನನ್ನಾಗಲಿ ಬಳಸಬೇಡಿ ಎನ್ನುತ್ತದೆ. ತೈವಾನಿನ ಅಂಕಿಗಳು ಆಸೆ ಹುಟ್ಟಿಸುವಂಥವು, ನಿಜ. ಆದರೆ ಅವು ಮೂಳೆ ತಲುಪದ, ಕೊಳೆತ ಭಾಗ ಕತ್ತರಿಸಿ ತೆಗೆದ ಹುಣ್ಣುಗಳಲ್ಲಿ ಬಂದ ಅಂಕಿಗಳು.

ಜೀವಕೋಶಗಳನ್ನು ಬೆಳೆಯಲು ಪ್ರಚೋದಿಸುವ ಪ್ರೋಟೀನ್ (ಬೆಳವಣಿಗೆ ಅಂಶ) ಇರುವ ಜೆಲ್‌ಗಳಲ್ಲಿ ಹಳೆಯದು ಬೆಕಾಪ್ಲರ್ಮಿನ್, ಶೇ. 0.01. ಅಮೆರಿಕದಲ್ಲಿ 1997ರಲ್ಲಿ ಅನುಮತಿ ಸಿಕ್ಕಿತು. 15 ಗ್ರಾಂ ಟ್ಯೂಬಾದರೆ ಹುಣ್ಣಿನ ಉದ್ದ, ಅಗಲಗಳನ್ನು ಸೆಂ.ಮೀ.ನಲ್ಲಿ ಗುಣಿಸಿ 4ರಿಂದ ಭಾಗಿಸಿ, ಅಷ್ಟು ಸೆಂ.ಮೀ. ಜೆಲ್ ಸಾಕು. ದಿನಕ್ಕೊಂದು ಸಲ ತೆಳ್ಳಗೆ ಹರಡಿ, 12 ಗಂಟೆ ಬಿಟ್ಟು ತೊಳೆದು, ಮತ್ತೆ ಸಲೈನಿನಲ್ಲಿ ನೆನೆಸಿದ ಗಾಜ್ (ಬ್ಯಾಂಡೇಜಿನ ತೆಳು ಬಟ್ಟೆ) ಹಾಕಬೇಕು. ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ. ಕಾಲಿಗೆ ರಕ್ತ ಸಾಕಷ್ಟು ಹರಿಯದಿದ್ದರೆ ಇದರಿಂದ ಫಲವಿಲ್ಲ. ರಕ್ತದ ಹರಿವು ಕಡಿಮೆ ಇರುವ ಹುಣ್ಣಿಗೆ ಸುಕ್ರೋಸ್ ಆಕ್ಟಾಸಲ್ಫೇಟ್ ಎಂಬ ಸಂಯುಕ್ತ ಸೇರಿಸಿದ ಡ್ರೆಸ್ಸಿಂಗ್ ಇದೆ: 2018ರ ಪ್ರಯೋಗದಲ್ಲಿ 20 ವಾರಕ್ಕೆ ಶೇ. 48 ಗುಣವಾದರೆ, ಹೋಲಿಕೆಯ ಗುಂಪಿನಲ್ಲಿ ಶೇ. 30.

ಇವೆಲ್ಲವೂ ಸೋಲಲು ಒಂದು ಮುಖ್ಯ ಕಾರಣ: ಹುಣ್ಣಿನ ಮೇಲೆಯೇ ನಡೆಯುವುದು. ನೋವಿಲ್ಲದ್ದರಿಂದ ಕುಂಟುವುದಿಲ್ಲ, ಕುಂಟದ್ದರಿಂದ ಪ್ರತಿ ಹೆಜ್ಜೆಯೂ ಹೊಸ ಚರ್ಮವನ್ನು ಜಜ್ಜುತ್ತದೆ. ಅಂಗಾಲಿನ ಹುಣ್ಣಿಗೆ ಮೊದಲ ಆಯ್ಕೆ ಮೊಣಕಾಲಿನವರೆಗಿನ, ರೋಗಿ ಬಿಚ್ಚಲಾಗದ, ಹುಣ್ಣಿನ ಮೇಲಿನ ಭಾರ ತಗ್ಗಿಸುವ ಪ್ಲಾಸ್ಟರಿನಂಥ ಕಟ್ಟು. ಬಿಚ್ಚಬಹುದಾದ ಬೂಟನ್ನು ಜನ ಮನೆಯೊಳಗೆ ಕಳಚಿಡುತ್ತಾರೆ. ರಾತ್ರಿ ಬಚ್ಚಲಿಗೆ ಹೋಗಿಬರುವ ಹತ್ತು ಹೆಜ್ಜೆ ಹಗಲಿನ ಶ್ರಮವನ್ನು ಅಳಿಸುತ್ತದೆ. ಸೋಂಕು ಜೋರಾಗಿದ್ದರೆ ಅಥವಾ ರಕ್ತನಾಳ ಕಟ್ಟಿದ್ದರೆ ಮಾತ್ರ ಈ ಬಿಚ್ಚಲಾಗದ ಕಟ್ಟು ಹಾಕಬಾರದು, ಮೊದಲು ಅವನ್ನು ಸರಿಪಡಿಸಬೇಕು.

ಸುತ್ತಲಿನ ಗಟ್ಟಿ ಚರ್ಮವನ್ನು ನುರಿತವರು ಬ್ಲೇಡಿನಿಂದ ಹೆರೆದು ತೆಗೆಯಲಿ. ಮನೆಯಲ್ಲಿ ಬೇಡ, ಆಣಿಗೆ ಹಚ್ಚುವ ಆಸಿಡ್ ಪಟ್ಟಿಯೂ ಬೇಡ. ತೊಳೆಯಲು ಸಲೈನ್ ಸಾಕು. ಹೈಡ್ರೋಜನ್ ಪೆರಾಕ್ಸೈಡಿನ ನೊರೆ ಕಣ್ಣಿಗೆ ಹಿತ, ಹೊಸ ಜೀವಕೋಶಗಳಿಗೆ ಮಾರಕ. ಕೀವು, ಕೆಂಪು, ಬಿಸಿ, ಊತ ಏನೂ ಇಲ್ಲದ ಹುಣ್ಣಿಗೆ ಆಂಟಿಬಯೋಟಿಕ್ ಬೇಕಿಲ್ಲ. ಕೆಂಪು 2 ಸೆಂ.ಮೀ. ಮೀರಿ ಹಬ್ಬಿದರೆ, ಬೆರಳು ಕಪ್ಪಾದರೆ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ವಾರಕ್ಕೊಮ್ಮೆ ಉದ್ದ, ಅಗಲ ಅಳೆದು ಬರೆದಿಡಿ. ನಾಲ್ಕು ವಾರದಲ್ಲಿ ವಿಸ್ತೀರ್ಣ ಅರ್ಧಕ್ಕೆ ಇಳಿಯದಿದ್ದರೆ ಮುಲಾಮು ಬದಲಿಸುವ ಮುನ್ನ ಮೂಳೆಯ ಎಕ್ಸ್‌ರೇ, ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆ ಎರಡನ್ನೂ ಮಾಡಿಸಿ.