ಕಣ್ಣು ಬರುವುದಕ್ಕೆ ಮುಂಚೆ

ಹೋದ ಭಾನುವಾರ ಆರಾಧನೆಯಲ್ಲಿ ಬೈಬಲಿನ ಮಾರ್ಕನ ಸುವಾರ್ತೆಯ 8ನೇ ಅಧ್ಯಾಯ ಓದಿದರು. ಬೇತ್ಸಾಯಿದದ ಕುರುಡನ ಕಥೆ. ಯೇಸು ಸ್ವಾಮಿ ಅವನ ಕೈ ಹಿಡಿದುಕೊಂಡು ಊರ ಹೊರಗೆ ಕರೆದುಕೊಂಡು ಹೋದ ಮಾತು ಬಂತು ನೋಡಿ, ನನ್ನ ಬಲಗೈ ತಾನಾಗಿಯೇ ಮುಚ್ಚಿಕೊಂಡಿತು. ಒಳಗೆ ಅಜ್ಜಿಯ ಬೆರಳುಗಳು ಇದ್ದ ಹಾಗೆ. ಆಮೇಲೆ ಪ್ರಸಂಗದಲ್ಲಿ ಏನು ಹೇಳಿದರೋ, ನನ್ನ ಕಿವಿಗೆ ಬೀಳಲೇ ಇಲ್ಲ.

ಅಜ್ಜಿಗೆ ಕೊನೆಯ ಆರೇಳು ವರ್ಷ ಕಣ್ಣು ಮಂಜಾಗಿತ್ತು. ಬೆಳಕು, ನೆರಳು, ಯಾರೋ ಓಡಾಡಿದ ಹಾಗೆ, ಅಷ್ಟೇ ಕಾಣುತ್ತಿತ್ತು. ಸಂಜೆ ಪ್ರಾರ್ಥನೆಗೆ ಕೂತಾಗ ನನ್ನ ಕೈ ಹಿಡಿದುಕೊಂಡು ಇದೇ ಭಾಗ ಓದಿಸುತ್ತಿದ್ದಳು. ಒಣಗಿದ ಕೈ, ಆದರೆ ಬೆಚ್ಚಗಿನ ಕೈ, ಹೆಬ್ಬೆರಳ ಬುಡದಲ್ಲಿ ಒಂದು ಸಣ್ಣ ಗಂಟು. ಕಥೆ ನಿಮಗೆ ಗೊತ್ತೇ ಇದೆ. ಸ್ವಾಮಿ ಮೊದಲು ಕೈ ಇಟ್ಟಾಗ ಅವನಿಗೆ ಜನರು ನಡೆದಾಡುವ ಮರಗಳ ಹಾಗೆ ಕಂಡರು, ಮತ್ತೆ ಕೈ ಇಟ್ಟ ಮೇಲೆ ಎಲ್ಲ ಸ್ಪಷ್ಟವಾಯಿತು. ಸುವಾರ್ತೆಗಳಲ್ಲಿ ಹೀಗೆ ಎರಡು ಸಲಕ್ಕೆ ವಾಸಿಯಾದವನು ಇವನೊಬ್ಬನೇ. ಮರಗಳ ಮಾತು ಬಂದಾಗ ಅಜ್ಜಿಗೆ ನಗು. “ನಾನೂ ಅಲ್ಲೇ ಇದ್ದೀನಿ ಮಗಾ. ಒಂದು ಸಲ ಕೈ ಇಟ್ಟಾಯ್ತು. ಇನ್ನೊಂದು ಸಲ ಬಾಕಿ.”

ಒಂದು ದಿನ ಪ್ರಾರ್ಥನೆಗೆ ಬಂದಿದ್ದ ಒಬ್ಬರು ಅವಳೆದುರೇ ಹೇಳಿಬಿಟ್ಟರು, ವಿಶ್ವಾಸ ಇನ್ನೂ ಜಾಸ್ತಿ ಇದ್ದಿದ್ದರೆ ಕಣ್ಣು ಬಂದುಬಿಡುತ್ತಿತ್ತು ಅಂತ. ಅಜ್ಜಿ ಸುಮ್ಮನೆ ಕೂತಿದ್ದಳು. ನನಗೆ ಮಾತ್ರ ಆ ಮಾತು ಇವತ್ತಿಗೂ ಚುಚ್ಚುತ್ತದೆ. ಈಗಂತೂ ಇದು ಹೆಚ್ಚಾಗಿದೆ. ವಾಸಿಯಾದವರನ್ನು ಮುಂದೆ ಕರೆದು ಸಾಕ್ಷಿ ಹೇಳಿಸುತ್ತೇವೆ, ವಾಸಿಯಾಗದವರು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿಕೊಂಡು ಕೂರುತ್ತಾರೆ. ಊರೂರಿಗೆ ಸುವಾರ್ತೆ ಸಾರಿದ ಅಪೊಸ್ತಲ ಪೌಲನೂ ಆ ಸಾಲಿನವನೇ ಅಲ್ವಾ? ತನ್ನ ಶರೀರದ ಮುಳ್ಳು ತೆಗೆದುಹಾಕು ಅಂತ ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ. “ನನ್ನ ಕೃಪೆಯೇ ನಿನಗೆ ಸಾಕು” ಅನ್ನುವ ಉತ್ತರ ಬಂತು. ಪೌಲನಿಗೆ ವಿಶ್ವಾಸ ಸಾಲದು ಅಂತ ಯಾರಾದರೂ ಹೇಳುತ್ತಾರಾ?

ಯೋಹಾನ ತನ್ನ ಸುವಾರ್ತೆಯಲ್ಲಿ ಸ್ವಾಮಿಯ ಅದ್ಭುತಗಳನ್ನು ಸೂಚಕಕಾರ್ಯ ಅಂತ ಕರೆಯುತ್ತಾನೆ. ಆ ಪದ ನನಗೆ ತುಂಬಾ ಇಷ್ಟ. ಸೂಚನೆ ಅಂದರೆ ಅದು ಬೇರೆ ಯಾರನ್ನೋ ತೋರಿಸಬೇಕು. ಕಾನಾ ಊರಿನ ಮದುವೆಯಲ್ಲಿ ಆರು ಕಲ್ಲಿನ ಬಾನೆಗಳ ನೀರು ದ್ರಾಕ್ಷಾರಸವಾಯಿತು, ಆದರೆ ಔತಣದ ಪಾರುಪತ್ಯಗಾರನಿಗೆ ಅದು ಎಲ್ಲಿಂದ ಬಂತು ಅಂತಲೇ ಗೊತ್ತಿಲ್ಲ. ಗೊತ್ತಿದ್ದದ್ದು ನೀರು ತೋಡಿಕೊಟ್ಟ ಆಳುಗಳಿಗೆ. ಎಷ್ಟು ಸದ್ದಿಲ್ಲದ ಕೆಲಸ! ಐದು ರೊಟ್ಟಿ, ಎರಡು ಮೀನಿನಲ್ಲಿ 5,000 ಗಂಡಸರು ಊಟ ಮಾಡಿದರು, 12 ಪುಟ್ಟಿ ತುಂಬ ತುಂಡು ಉಳಿಯಿತು. ಮಾರನೆಯ ದಿನ ಹುಡುಕಿಕೊಂಡು ಬಂದವರಿಗೆ ಸ್ವಾಮಿ ಏನಂದ? ನೀವು ಸೂಚನೆ ನೋಡಿ ಬಂದವರಲ್ಲ, ಹೊಟ್ಟೆ ತುಂಬಿದ್ದಕ್ಕೆ ಬಂದಿರಿ ಅಂದ. ಅದ್ಭುತ ನೋಡುವ ಆಸೆಯಿಂದ ಕಾದಿದ್ದ ಗಲಿಲಾಯದ ಅಧಿಪತಿ ಹೆರೋದನ ಎದುರಂತೂ ಏನೂ ಮಾಡಲಿಲ್ಲ, ಒಂದು ಮಾತೂ ಆಡಲಿಲ್ಲ.

ಯೆರೂಸಲೇಮಿನ ಬೇತ್ಸಥ ಕೊಳದ ಕಥೆ ಓದುವಾಗ ನಾನು ಸ್ವಲ್ಪ ಹೊತ್ತು ನಿಂತುಬಿಡುತ್ತೇನೆ. ಐದು ಮಂಟಪಗಳಲ್ಲಿ ರೋಗಿಗಳು ಗುಂಪು ಗುಂಪಾಗಿ ಮಲಗಿದ್ದರು. ಕುರುಡರು, ಕುಂಟರು. ಅವರಲ್ಲಿ 38 ವರ್ಷದಿಂದ ಒದ್ದಾಡುತ್ತಿದ್ದ ಒಬ್ಬ ಸ್ವಾಮಿಯ ಮಾತಿಗೆ ಎದ್ದು ಹಾಸಿಗೆ ಹೊತ್ತುಕೊಂಡು ನಡೆದ. ಮಿಕ್ಕವರು? ಯೋಹಾನ ಅವರ ಬಗ್ಗೆ ಏನೂ ಬರೆದಿಲ್ಲ. ಚಿಕ್ಕವನಿದ್ದಾಗ ಇದನ್ನು ಅಜ್ಜಿಗೆ ಕೇಳಿದ್ದೆ, ಸ್ವಲ್ಪ ಕೋಪದಿಂದಲೇ ಕೇಳಿದ್ದೆ. ಅಜ್ಜಿ ಉತ್ತರ ಕೊಡಲಿಲ್ಲ. ಮಾರ್ಕನನ್ನು ತೆಗೆ ಅಂದಳು. ಮತ್ತೆ ಅದೇ ಕುರುಡ, ಅದೇ ಸಾಲು.

“ನೋಡು, ಸ್ವಾಮಿ ಅವನನ್ನ ಕರ್ಕೊಂಡು ಹೋಗುವಾಗ ಅವನಿಗೆ ಇನ್ನೂ ಕಣ್ಣು ಬಂದಿರಲಿಲ್ಲ. ಊರು ದಾಟೋವರೆಗೂ ಕತ್ತಲೆಯಲ್ಲೇ ನಡೆದ. ಯಾರ ಕೈ ಹಿಡ್ಕೊಂಡು ನಡೆದ ಹೇಳು.”

ಅಷ್ಟು ಹೇಳಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು, ಆ ಗಂಟು ನನ್ನ ಅಂಗೈಗೆ ಒತ್ತಿತು. ಕೊಳದ ಪಕ್ಕದಲ್ಲಿ ಉಳಿದವರ ಪ್ರಶ್ನೆ ನನಗೆ ಇನ್ನೂ ಹಾಗೇ ಇದೆ. ಸತ್ತುಹೋಗಿದ್ದ ಗೆಳೆಯ ಲಾಜರನನ್ನು ಎಬ್ಬಿಸುವುದು ಗೊತ್ತಿದ್ದೂ ಸಮಾಧಿಯ ಹತ್ತಿರ ಅತ್ತ ದೇವರು ಅವರ ಪಕ್ಕದಲ್ಲೂ ಇದ್ದ ಅಂತ ಮಾತ್ರ ನಂಬುತ್ತೇನೆ. ಮುಟ್ಟಿದ ಕೈ ಯಾರದು ಅಂತ ಗೊತ್ತಾಗದೆ ಬರೀ ಕಣ್ಣು ಬಂದರೆ, ಅದು ಅರ್ಧ ಅದ್ಭುತ ಅನ್ನಿಸುತ್ತದೆ ನನಗೆ. ಸ್ವಾಮಿಯ ಮಾತಿಗೆ ಹತ್ತು ಮಂದಿ ಕುಷ್ಠರೋಗಿಗಳು ಶುದ್ಧರಾದರು, ತಿರುಗಿ ಬಂದು ಕಾಲಿಗೆ ಬಿದ್ದವನು ಒಬ್ಬನೇ, ಅದೂ ಯೆಹೂದ್ಯರು ದೂರ ಇಡುತ್ತಿದ್ದ ಸಮಾರ್ಯದವನು.

ಅಜ್ಜಿಗೆ ಕಣ್ಣು ಬರಲಿಲ್ಲ. ಕೊನೆಯ ವಾರ ಅವಳಿಗೆ ಮಾತೂ ಕಷ್ಟವಾಗಿತ್ತು. ಆದರೂ ಸಂಜೆಯಾದರೆ ಕೈ ಚಾಚುತ್ತಿದ್ದಳು, ಓದು ಅಂತ. ಅವತ್ತೂ ಓದಿದೆ. ಊರ ಹೊರಗೆ ಕರೆದುಕೊಂಡು ಹೋಗುವ ಸಾಲು ಮುಗಿಯುತ್ತಲೇ ನನ್ನ ಬೆರಳುಗಳನ್ನು ಮೆಲ್ಲಗೆ ಒತ್ತಿದಳು. ಮುಂದೆ ಓದಬೇಕಾ ಅಂತ ಕೇಳಿದೆ.

“ಇವತ್ತಿಗೆ ಇಷ್ಟು ಸಾಕು,” ಅಂದಳು.